ಹೊಲಿಯದ ವಸ್ತ್ರದ ಬಹುರೂಪ: ಒಂದು ವಿಮರ್ಶೆ

ಒಂದೇ ಉಡುಪು ಹಲವು ಉಪಯೋಗಗಳಿಗೆ ಒದಗಬೇಕು, ಅರಿವೆಯ ಚೂರೂ ವ್ಯರ್ಥವಾಗಬಾರದು ಎಂಬುದು ಈಚಿನ ವಸ್ತ್ರವಿನ್ಯಾಸಕಾರರ ಸೂತ್ರ. ಕತ್ತರಿಸಿ ಹೊಲಿಯುವ ಕ್ರಮದಲ್ಲಿ ಬಟ್ಟೆಯ ಸುಮಾರು ಶೇಕಡಾ 15 ಭಾಗ ಚಿಂದಿಯಾಗುವುದೆಂಬ ಅಂದಾಜನ್ನು ಅವರು ಮುಂದಿಡುತ್ತಾರೆ. ಈ ಸೂತ್ರಕ್ಕೆ ಪ್ರಾಚೀನ ನಿದರ್ಶನವೆಂದು ನಮ್ಮ ಸೀರೆಯನ್ನು ಹೆಸರಿಸುವುದು ವಾಡಿಕೆಯಾಗಿದೆ. ಈ ವಾದವನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚುವುದು ಪ್ರಸ್ತುತ ಲೇಖನದ ಉದ್ದೇಶ.

ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಫ್ರೆಂಚ್ ಮಾನವಶಾಸ್ತ್ರಜ್ಞೆ ಶಾಂತಾಲ್ ಬೂಲಾಂಜೆಯವರು 1997ರಲ್ಲಿ ಪ್ರಕಟಿಸಿದ ಸೀರೆಗಳ ಕುರಿತ ಗ್ರಂಥದಲ್ಲಿ ನೂರಕ್ಕೂ ಮಿಕ್ಕ ಉಡಿಗೆಯ ಕ್ರಮಗಳು ಚಿತ್ರಸಹಿತವಾಗಿ ದಾಖಲಾಗಿವೆ. ಕಚ್ಚೆ ಹಾಕಿದರೆ ಗದ್ದೆಯ ಕೆಲಸಕ್ಕೆ ಒದಗುವ ಸೀರೆ, ಕಚ್ಚೆ ಬಿಚ್ಚಿದರೆ ಜಾತ್ರೆಗೂ ಸಲ್ಲುತ್ತದೆ. ಕೊಡಗಿನಲ್ಲಿ ನೆರಿಗೆ ಬೆನ್ನ ಹಿಂದೆ ಹೋಗುತ್ತದೆ. ಸೆರಗಾದರೋ ಬಿಸಿಲಿಗೆ ಮುಸುಕು, ಕಾಳಿಗೆ ಮಡಿಲು, ಒಲೆಯ ಮುಂದೆ ಕೈಬಟ್ಟೆ. ಇಳಕಲ್ಲಿನ ನೇಕಾರರು ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಹಾಸಿನ ಎಳೆಗಳಲ್ಲಿಯೇ ಕುಣಿಕೆಯಾಗಿ ಕೂಡಿಸುವರು. ದುಬಾರಿ ನೂಲು ಕಾಣುವಷ್ಟು ಭಾಗಕ್ಕೆ ಮಾತ್ರ! ಹಳೆಯದಾದ ಸೀರೆ ಪದರಪದರವಾಗಿ ಕೌದಿಯಾಗುತ್ತದೆ.

ಆದರೆ ಬಟ್ಟೆಗಿದ್ದ ಸ್ವಾತಂತ್ರ್ಯ ಉಟ್ಟವರಿಗೂ ಇತ್ತೆಂದು ಭಾವಿಸುವುದು ಸಮಂಜಸವಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. 1859ರ ರಾಜಘೋಷಣೆ ಆ ಹಕ್ಕನ್ನು ಕೊಟ್ಟಿತಾದರೂ, ಮೇಲ್ಜಾತಿಯ ಸ್ತ್ರೀಯರಂತೆ ಮಾತ್ರ ಉಡಕೂಡದೆಂದು ವಿಧಿಸಿತು. ವಸ್ತ್ರವನ್ನು ನೂರು ಬಗೆಯಲ್ಲಿ ಉಡಬಹುದೆಂದರೆ, ಯಾರು ಯಾವ ಬಗೆಯಲ್ಲಿ ಉಡಬೇಕೆಂದು ಗೆರೆ ಎಳೆಯಲೂ ಅದು ಅನುಕೂಲವೇ. ಆ ಹೋರಾಟದಲ್ಲಿ ಕ್ರೈಸ್ತರಾದ ನಾಡಾರ್ ಸ್ತ್ರೀಯರಿಗೆ ಮಾನರಕ್ಷಣೆಯ ಸಾಧನವಾಗಿ ಒದಗಿದುದು ಹೊಲಿದ ಕುಪ್ಪಸವೆಂಬುದನ್ನು ಕತ್ತರಿಯನ್ನು ದೂಷಿಸುವವರು ಗಮನಿಸಬೇಕು. ಇನ್ನು ಇಂದು ಬಹುತೇಕ ಎಲ್ಲೆಡೆ ಕಾಣುವ ಉಡಿಗೆ, ಹೊಲಿದ ರವಿಕೆ ಮತ್ತು ಒಳಲಂಗವಿಲ್ಲದೆ ನಿಲ್ಲದು. 1860ರ ದಶಕದಲ್ಲಿ ಮುಂಬಯಿಯಿಂದ ಬಂಗಾಳಕ್ಕೆ ಇಂಥ ರೀತಿಯನ್ನು ಒಯ್ದವರು ಜ್ಞಾನದಾನಂದಿನೀ ದೇವಿ. ವಿನ್ಯಾಸಕಾರರು ಕೊಂಡಾಡುವ ಸೀರೆ ಯಾವುದು, ಅಂಗಡಿಯಲ್ಲಿ ಬಿಕರಿಯಾಗುವ ಸೀರೆ ಯಾವುದು ಎಂದು ನಾವು ಕೇಳಬೇಕಾಗಿದೆ. ಪಾಲಿಯೆಸ್ಟರಿನ ಸೀರೆಯೂ ಹೊಲಿಯದ ಬಟ್ಟೆಯೇ. ಅದು ಬೆವರನ್ನು ಹೀರದು, ಮಣ್ಣಿನಲ್ಲಿ ಬೇಗ ಕರಗದು.

ಕೌದಿಯ ಮಿತವ್ಯಯವನ್ನೂ ನಾವು ಬಡತನದಿಂದ ಬೇರ್ಪಡಿಸಿ ನೋಡಲಾರೆವು. ಅದರ ಹೊಲಿಗೆ ಹೆಂಗಸರ ಲೆಕ್ಕಕ್ಕೆ ಬಾರದ ದುಡಿಮೆ. ಇತಿಹಾಸಕಾರನಿಗೆ ಇನ್ನೊಂದು ತೊಡಕೂ ಉಂಟು. ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಾಗಿ ಉಳಿದಿರುವುದು ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಮತ್ತು ಜರಿ. ದಿನವೂ ಉಟ್ಟ ಹತ್ತಿಯ ಸೀರೆಯಾದರೋ ಕೊನೆಯ ಎಳೆಯವರೆಗೆ ಬಳಕೆಯಾದುದರಿಂದಲೇ ಸಾಕ್ಷ್ಯವಾಗಿ ಉಳಿಯಲಿಲ್ಲ. ಅದನ್ನು ಅರಸುವ ವಿದ್ಯಾರ್ಥಿ ಮೊದಲು ತನ್ನ ಊರಿನ ಹಳೆಯ ಕೌದಿಗಳ ಒಳಪದರವನ್ನು ಬಿಡಿಸಿ ನೋಡಲಿ.