ಹುಳಿನೀರಿನ ಲೆಕ್ಕ

ಕಲ್ಲಿನಿಂದ ಲೋಹ ಬಿಡಿಸಲು ಬ್ಯಾಕ್ಟೀರಿಯಾಗಳನ್ನು ದುಡಿಸಿಕೊಳ್ಳುವ ವಿದ್ಯೆಯ ಬಗ್ಗೆ ಯಾರೇ ಬರೆಯಲಿ, ಎರಡು ಮಾತು ತಪ್ಪದೆ ಬರುತ್ತವೆ: ಈ ಜೀವಿಗಳು ಲೋಹವನ್ನು ‘ತಿನ್ನುತ್ತವೆ’, ಈ ದಾರಿ ‘ಹಸಿರು’. ಮೊದಲನೆಯದು ಸುಳ್ಳು, ತಲೆಬರಹಕ್ಕಷ್ಟೇ ಚೆನ್ನ. ಎರಡನೆಯದನ್ನು ಸಾವಧಾನವಾಗಿ ಒರೆಗೆ ಹಚ್ಚಬೇಕು. ಈ ವಿದ್ಯೆಯ ಹುಟ್ಟುಗುಣ ಮಿತವ್ಯಯವೇ ಹೊರತು ಶುಚಿತ್ವವಲ್ಲ. ಕುಲುಮೆಗೆ ಹಾಕಿದರೆ ಸೌದೆ ಖರ್ಚೂ ಹುಟ್ಟದಷ್ಟು ಬಡವಾದ ಅದಿರಿನಿಂದಲೂ ಅದು ಲೋಹ ತೆಗೆಯಬಲ್ಲದು. ಶುಚಿತ್ವ ಬೇಕೆಂದರೆ ಬೇರೆಯಾಗಿ ದುಡ್ಡು ಕೊಟ್ಟು ತರಬೇಕು. ತಂದಾಗ ಮಿತವ್ಯಯ ಉಳಿಯುವುದು ಕಷ್ಟ.

ಇದರ ಮೂಲವನ್ನೇ ನೋಡಿ. ಇಂದು ಅಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಎಂದು ಕರೆಯುವ ಬ್ಯಾಕ್ಟೀರಿಯಾವನ್ನು ಕಾಲ್ಮರ್ ಮತ್ತು ಹಿಂಕಲ್ 1947ರಲ್ಲಿ ಗುರುತಿಸಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳಿಂದ ಸೋರಿ ಬರುತ್ತಿದ್ದ ಹುಳಿನೀರಿನಲ್ಲಿ. ಅಂದರೆ ಅದು ನಮಗೆ ಮೊದಲು ಸಿಕ್ಕಿದ್ದೇ ಹೊಳೆ ಕೆಡಿಸುವ ಆರೋಪಿಯಾಗಿ. ನೀರಿನಲ್ಲಿ ಕರಗಿರುವ ಫೆರಸ್ ಕಬ್ಬಿಣವನ್ನು ಫೆರಿಕ್ ಆಗಿಸಿ, ಆ ಕ್ರಿಯೆಯಲ್ಲಿ ಹುಟ್ಟುವ ಅಲ್ಪ ಶಕ್ತಿಯಿಂದ ಅದು ಬದುಕುತ್ತದೆ. ತೀರಾ ಹುಳಿಯಾದ ನೀರಿನಲ್ಲಿ ಈ ಬದಲಾವಣೆ ತಾನಾಗಿ ನಡೆಯುವುದು ಆಮೆಯ ವೇಗದಲ್ಲಿ. ಬ್ಯಾಕ್ಟೀರಿಯಾ ಸೇರಿದರೆ ವೇಗ ಹತ್ತು ಲಕ್ಷ ಪಟ್ಟಿನವರೆಗೂ ಏರಬಲ್ಲದು. ಲೋಹವನ್ನು ಹಿಡಿದಿಟ್ಟಿರುವ ಸಲ್ಫೈಡ್ ಖನಿಜವನ್ನು ಕರಗಿಸುವುದು ಈ ಫೆರಿಕ್ ಕಬ್ಬಿಣ. ತಾಮ್ರವೋ ನಿಕಲ್ಲೋ ನೀರಿಗಿಳಿಯುತ್ತದೆ, ಜೊತೆಗೆ ಗಂಧಕವೂ ಆಮ್ಲವಾಗಿ ಇಳಿಯುತ್ತದೆ. ಗಣಿಯ ಮಾಲಿನ್ಯ, ಗಣಿಯ ಉತ್ಪಾದನೆ ಎರಡರದೂ ಒಂದೇ ರಸಾಯನ. ನಡುವೆ ಇರುವುದು ನೀರನ್ನು ಹಿಡಿದಿಡುವ ಒಂದು ಹಾಸು, ಒಂದು ಏರಿ, ಒಂದು ಕೊಳ.

ಆ ಏರಿ ಎಷ್ಟು ತಡೆದೀತು ಎಂಬುದನ್ನು ತೋರಿಸಿದ್ದು ಫಿನ್‌ಲ್ಯಾಂಡಿನ ಸೊಟ್ಕಾಮೊದಲ್ಲಿರುವ ತಾಲ್ವಿವಾರಾ ಗಣಿ. ಅಲ್ಲಿನ ಕಪ್ಪು ಪದರಗಲ್ಲಿನಲ್ಲಿ ನಿಕಲ್ ಇರುವುದು ಸುಮಾರು ಶೇ. 0.25ರಷ್ಟು, ಕುಲುಮೆಯ ದಾರಿಗೆ ಅದು ಎಟುಕದ ಲೆಕ್ಕ. ಕಲ್ಲನ್ನು ಒಡೆದು ರಾಶಿ ಹಾಕಿ, ಅಡಿಯಿಂದ ಗಾಳಿ ಊದಿ, ಮೇಲಿನಿಂದ ಹುಳಿ ದ್ರಾವಣ ಹನಿಸಿದರು. ಸಲ್ಫೈಡ್ ಕರಗುವಾಗ ಹುಟ್ಟುವ ಬಿಸಿಯಿಂದ ಆ ಕಡುಚಳಿಯ ನಾಡಿನಲ್ಲೂ ರಾಶಿಯ ಒಡಲು ಬೆಚ್ಚಗೇ ಇತ್ತು. ಇದು ನಿಜಕ್ಕೂ ಮೆಚ್ಚಬೇಕಾದ ಸಾಧನೆ. 2008ರಲ್ಲಿ ಉತ್ಪಾದನೆ ಶುರುವಾಯಿತು. ಆದರೆ ಕೆಲವೇ ವರ್ಷಗಳಲ್ಲಿ ಸುತ್ತಲಿನ ಸರೋವರಗಳಲ್ಲಿ ಸಲ್ಫೇಟ್ ಹೆಚ್ಚಿ, ಉಪ್ಪಾದ ಭಾರದ ನೀರು ತಳದಲ್ಲಿ ಕೂತಿತು. ಮಳೆ ಜಾಸ್ತಿಯಾಗಿ ಗಣಿಯೊಳಗೆ ನೀರು ತುಂಬಿಕೊಂಡಿದ್ದ 2012ರ ನವೆಂಬರಿನಲ್ಲಿ ಜಿಪ್ಸಮ್ ಕೊಳ ಸೋರಿತು. ನಿಕಲ್, ಸತು, ಯುರೇನಿಯಂ ಬೆರೆತ ನೀರು ಹೊರಗೆ ಹರಿಯಿತು. 2014ರಲ್ಲಿ ಕಂಪನಿ ದಿವಾಳಿಯಾಯಿತು.

ಸೋರಿದ್ದು ಕೊಳ, ಬ್ಯಾಕ್ಟೀರಿಯಾ ಅಲ್ಲವಲ್ಲ ಎಂದು ಇದಕ್ಕೆ ಆಕ್ಷೇಪವಿದೆ. 2015ರಲ್ಲಿ ಗಣಿಯನ್ನು ವಹಿಸಿಕೊಂಡ ಸರಕಾರಿ ಒಡೆತನದ ಟೆರಾಫೇಮ್ ಇದೇ ವಿಧಾನವನ್ನು ಮುಂದುವರಿಸಿ ನಿಕಲ್ ತೆಗೆಯುತ್ತಿರುವುದು ಆ ವಾದಕ್ಕೆ ಬಲ. ಒಪ್ಪುವೆ, ವಿಧಾನ ಕೈಲಾಗದ್ದಲ್ಲ. ಆದರೆ ಆ ಕೊಳ ಎಲ್ಲಿಂದ ಬಂತು? ಬ್ಯಾಕ್ಟೀರಿಯಾ ನಿಕಲ್ಲನ್ನಷ್ಟೇ ಆರಿಸಿ ಕೊಡುವುದಿಲ್ಲ. ಅದಿರಿನಲ್ಲಿ ನಿಕಲ್ಲಿಗಿಂತ ಎಷ್ಟೋ ಪಾಲು ಹೆಚ್ಚಿರುವ ಕಬ್ಬಿಣ, ಗಂಧಕವನ್ನೂ ನೀರಿಗಿಳಿಸುತ್ತದೆ. ಆ ಆಮ್ಲವನ್ನು ಸುಣ್ಣ ಹಾಕಿ ತಣಿಸಿದಾಗ ಉಳಿಯುವ ಕೆಸರೇ ಜಿಪ್ಸಮ್. ಕೊಳ ಬ್ಯಾಕ್ಟೀರಿಯಾದ ದುಡಿಮೆಯದೇ ಕೂಸು. ಕುಲುಮೆ ಹೊಗೆ ಕಾರುತ್ತದೆ, ಇದು ಕಾರುವುದಿಲ್ಲ ಎನ್ನುವವರೂ ಗಂಧಕ ಎಲ್ಲಿಗೆ ಹೋಯಿತೆಂದು ಕೇಳಿಕೊಳ್ಳುವುದಿಲ್ಲ. ಒಳ್ಳೆಯ ಕುಲುಮೆ ಆ ಹೊಗೆಯನ್ನು ಹಿಡಿದು ಆಮ್ಲವಾಗಿ ಮಾರುತ್ತದೆ. ರಾಶಿಯ ಗಂಧಕ ಕೆಸರಿಗೋ ಕೆರೆಗೋ ಹೋಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ದಕ್ಷಿಣ ಆಫ್ರಿಕದ್ದು. ಬಾರ್ಬರ್ಟನ್ ಬಳಿಯ ಫೇರ್‌ವ್ಯೂ ಗಣಿಯಲ್ಲಿ 1986ರಿಂದ, ಆರ್ಸೆನಿಕ್ ಬೆರೆತ ಸಲ್ಫೈಡಿನೊಳಗೆ ಸಿಕ್ಕಿಕೊಂಡ ಚಿನ್ನವನ್ನು ಬಿಡಿಸಲು ಬ್ಯಾಕ್ಟೀರಿಯಾ ಬಳಸುತ್ತಿದ್ದಾರೆ. ಬಯಾಕ್ಸ್ ಎಂಬುದು ಆ ವಿಧಾನದ ಹೆಸರು. ಮೊದಲು ಆ ಅದಿರನ್ನು ಹುರಿಯುತ್ತಿದ್ದರು. ಹುರಿದಾಗ ಆರ್ಸೆನಿಕ್ ವಿಷದ ಹೊಗೆಯಾಗಿ ಏಳುತ್ತದೆ. ಈಗ ಅದು ಕಬ್ಬಿಣದೊಂದಿಗೆ ಸೇರಿ, ಸುಲಭಕ್ಕೆ ಕರಗದ ಗಸಿಯಾಗಿ ಕೂರುತ್ತದೆ. ಇಲ್ಲಿ ಬ್ಯಾಕ್ಟೀರಿಯಾ ನಿಸ್ಸಂಶಯವಾಗಿ ಮೇಲು. ಆದರೆ ಈ ಕೆಲಸ ನಡೆಯುವುದು ಬಯಲಿನ ರಾಶಿಯಲ್ಲಲ್ಲ, ತೊಟ್ಟಿಗಳಲ್ಲಿ: ಸುಮಾರು 40 ಡಿಗ್ರಿ ಬಿಸಿ ಮೀರದಂತೆ ತಣಿಸುತ್ತ, ಹಗಲಿರುಳು ಗಾಳಿ ಊದಿ ಕಲಕುತ್ತ, ಹುಳಿ ಮುರಿಯಲು ಸುಣ್ಣಕಲ್ಲು ಸುರಿಯುತ್ತ. ಆ ಖರ್ಚನ್ನು ಚಿನ್ನದ ಬೆಲೆ ಹೊರುತ್ತದೆ. ಶೇ. 0.25ರ ನಿಕಲ್ ಹೊರಲಾರದು. ನೀರು ಕೈಯಲ್ಲಿ ನಿಲ್ಲುವುದು ಎಲ್ಲಿ ದುಡ್ಡು ಸುರಿಯಲಾಗುತ್ತದೋ ಅಲ್ಲಿ. ದುಡ್ಡು ಉಳಿಯುವ ಕಡೆ ನೀರು ಕೈತಪ್ಪುತ್ತದೆ.

ಹಳೆಯ ಫೋನು, ಕಂಪ್ಯೂಟರುಗಳ ಕಸದಿಂದ ಲೋಹ ತೆಗೆಯುವ ಭರವಸೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. ಸರ್ಕ್ಯೂಟ್ ಬೋರ್ಡಿನಲ್ಲಿ ಸಲ್ಫೈಡ್ ಇಲ್ಲ, ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಕಬ್ಬಿಣವನ್ನೂ ಆಮ್ಲವನ್ನೂ ನಾವೇ ಬಡಿಸಬೇಕು. ಚಿನ್ನಕ್ಕಾದರೆ ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಬಳಸುತ್ತಾರೆ. ಅದು ಚಿನ್ನ ಕರಗಿಸುವುದು ತಾನೇ ತಯಾರಿಸುವ ಸೈನೈಡಿನಿಂದ! ಜೀವಿ ಮಾಡಿದ ಮಾತ್ರಕ್ಕೆ ಸೈನೈಡು ಸೈನೈಡಲ್ಲದೆ ಹೋಗುವುದಿಲ್ಲ.

ಕರ್ನಾಟಕದಲ್ಲಿ ಈ ಮಾತು ಬಂದರೆ ಮನಸ್ಸು ಮೊದಲು ಹೋಗುವುದು ಕೆಜಿಎಫ್‌ನ ಸೈನೈಡ್ ಗುಡ್ಡಗಳತ್ತ. ಆದರೆ ಕೋಲಾರದ ಹೆಸರಾಂತ ಚಾಂಪಿಯನ್ ಪಟ್ಟಿಯ ಚಿನ್ನ ಬೆಣಚುಕಲ್ಲಿನಲ್ಲಿ ಬಿಡಿಯಾಗಿ ಇದ್ದದ್ದು. ಸಲ್ಫೈಡಿನ ಬೀಗ ಒಡೆಯುವ ಜೀವಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಕೆಲಸವಿರುವುದು ಚಿತ್ರದುರ್ಗದ ಜಿ.ಆರ್. ಹಳ್ಳಿಯಂಥ ಕಡೆಯ ಅದಿರಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಮತ್ತು ಸಂಗಡಿಗರು ಅಂಥ ಅದಿರಿನ ಮೇಲೆ ಪ್ರಯೋಗ ನಡೆಸಿದ್ದಾರೆ. ಅಲ್ಲಿಯೂ ಚಿನ್ನದ ಜೊತೆಗಿರುವುದು ಆರ್ಸೆನಿಕ್. ಅದಕ್ಕೆ ತೊಟ್ಟಿಯ ದಾರಿಯೇ ಸರಿ, ರಾಶಿಯದಲ್ಲ. ಚಿತ್ರದುರ್ಗ ಮಳೆ ಕಡಿಮೆಯ ಜಿಲ್ಲೆ, ಕೊಳವೆಬಾವಿಯನ್ನೇ ನೆಚ್ಚಿದ ಊರುಗಳು ಅಲ್ಲಿ ಹಲವು. ಆ ಗಸಿಯನ್ನು ಯಾವ ಊರಿನ ಪಕ್ಕ, ಯಾರ ಕಾವಲಿನಲ್ಲಿ, ಎಷ್ಟು ವರ್ಷ ಇಡುವುದು ಎಂಬುದು ಪ್ರಯೋಗಶಾಲೆಯಲ್ಲಿ ಇತ್ಯರ್ಥವಾಗುವ ಸಂಗತಿಯಲ್ಲ.