ತಾಳದ ಲೆಕ್ಕ, ಲಯದ ನಡೆ

ಪುಣೆಯ ಸಂಗೀತಕ್ಕೂ ಕನ್ನಡನಾಡಿಗೂ ಇರುವ ನಂಟು ಹಳೆಯದು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಆರಂಭಿಸಿದ ಉತ್ಸವವೇ ಅದಕ್ಕೆ ಸಾಕ್ಷಿ. ಕಿರಾನಾ ಘರಾಣೆಯ ವಿಲಂಬಿತ ಖ್ಯಾಲನ್ನು ಕೇಳಿ ಬೆಳೆದ ಈ ಊರಿನಲ್ಲಿ, ತಬಲೆಯ ಠೇಕಾವನ್ನು ಗಣಕದಲ್ಲಿ ಬರೆದು ತಿದ್ದುವ ಪದ್ಧತಿಯನ್ನು ಬರಿಯ ಯಂತ್ರವಿಷಯವೆಂದು ಬದಿಗಿಡಲಾಗದು. ಅದು ತಾಳಲಿಪಿಯ ಪ್ರಶ್ನೆ. ಲಿಪಿಗೆ ದಕ್ಕುವುದೆಷ್ಟು, ದಕ್ಕದೆ ಉಳಿಯುವುದೆಷ್ಟು ಎಂಬ ವಿಮರ್ಶೆಯ ಪ್ರಶ್ನೆ.

1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಸಂಕೇತಪದ್ಧತಿ ನಾದವನ್ನು ಶೇಖರಿಸುವುದಿಲ್ಲ; ನಾದವನ್ನು ಹೊರಡಿಸುವ ಆಜ್ಞೆಗಳನ್ನು ಶೇಖರಿಸುತ್ತದೆ. ಅವನ್ನು ಸಾಲುಸಾಲಾಗಿ ತೋರಿಸುವ 'ಇವೆಂಟ್ ಲಿಸ್ಟ್' ಒಂದು ರೋಜುಕೀರ್ದಿಯಂತೆ: ಪೆಟ್ಟು ಬಿದ್ದ ಹೊತ್ತು, ನಾದದ ಸಂಖ್ಯೆ, 1ರಿಂದ 127ರವರೆಗಿನ ಬಲ, ಅವಧಿ. ಒಂದು ಮಾತ್ರೆಯನ್ನು 480 ಭಾಗಗಳಾಗಿ ಒಡೆಯುವುದು ಸಾಮಾನ್ಯ ರೂಢಿ. ನಿಮಿಷಕ್ಕೆ 120 ಮಾತ್ರೆಗಳ ನಡೆಯಲ್ಲಿ ಒಂದು ಭಾಗವೆಂದರೆ ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲು. ಆದುದರಿಂದ ಈ ಲಿಪಿ ಸ್ಥೂಲವೆಂಬ ಆಕ್ಷೇಪ ನಿಲ್ಲದು.

ದೋಷವಿರುವುದು ಬಳಕೆಯಲ್ಲಿ. ಮೊದಲನೆಯದು, ಬೋಲನ್ನು ಒಂದೇ ಪೆಟ್ಟೆಂದು ಬಗೆಯುವುದು. 'ಧಾ' ಕಿವಿಗೆ ಒಂದಕ್ಷರ. ಕೈಗೆ ಎರಡು ಪೆಟ್ಟು. ಬಲಗೈಯ ತಬಲೆಗೂ ಎಡಗೈಯ ಡಗ್ಗಾಕ್ಕೂ ಬೇರೆಬೇರೆ ಸಾಲು ಕೊಟ್ಟಾಗಲೇ ಒಂದೊಂದರ ಬಲವನ್ನೂ ತಕ್ಕಂತೆ ತಿದ್ದಬಹುದು. ಡಗ್ಗಾದ ಚರ್ಮವನ್ನು ಅಂಗೈಬುಡದಿಂದ ಒತ್ತಿ ಹೊರಡಿಸುವ ಮೀಂಡಿಗೆ ಸ್ವರವನ್ನು ಬಾಗಿಸುವ ಆಜ್ಞೆ ಬೇಕು. ಆ ಆಜ್ಞೆಯಾದರೋ ಒಂದು ಚಾನೆಲಿನ ಎಲ್ಲ ನಾದಗಳಿಗೂ ತಗಲುವಂಥದು. ಎರಡೂ ವಾದ್ಯಗಳನ್ನು ಒಂದೇ ಚಾನೆಲಿನಲ್ಲಿಟ್ಟರೆ, ಷಡ್ಜಕ್ಕೆ ಕೂಡಿಸಿದ ತಬಲೆಯೂ ಡಗ್ಗಾದೊಡನೆ ಬಾಗಿ ಅಪಸ್ವರವಾಗುತ್ತದೆ. 1991ರ 'ಜನರಲ್ ಮಿಡಿ' ನಿಯಮವು ಡ್ರಮ್ಮುಗಳೆಲ್ಲಕ್ಕೂ 10ನೆಯ ಚಾನೆಲನ್ನು ಮೀಸಲಿಟ್ಟಿತು. ಪಾಶ್ಚಾತ್ಯ ಡ್ರಮ್ಮಿಗೆ ಸಾಕಾಗುವ ಆ ಏರ್ಪಾಡು ತಬಲೆಗೆ ಸಲ್ಲದು.

ಎರಡನೆಯ ದೋಷ ಇನ್ನೂ ಗಹನವಾದುದು. 'ಕ್ವಾಂಟೈಸ್' ಕ್ರಿಯೆ ಪ್ರತಿಯೊಂದು ಪೆಟ್ಟನ್ನೂ ಹತ್ತಿರದ ಗೆರೆಗೆ ಎಳೆದು ಕೂಡಿಸುತ್ತದೆ. 25 ಭಾಗ ತಡವಾಗಿ ಬಿದ್ದ ಪೆಟ್ಟು ಕೈತಪ್ಪಿನದೋ, ಗಾಯಕನ ಮುಖಡಾವನ್ನು ಕಾಯ್ದು ಬಾರಿಸಿದ್ದೋ? ಪಟ್ಟಿಯಲ್ಲಿ ಎರಡರ ಅಂಕವೂ ಒಂದೇ. ಭಾತಖಂಡೆಯವರ ಲಿಪಿ ಸಮ್ ಮತ್ತು ಖಾಲಿಗಳಿಗೆ ಗುರುತು ಕೊಡುತ್ತದೆ. ಈ ಪಟ್ಟಿಯಲ್ಲಿ ಎಲ್ಲ ಸಾಲುಗಳೂ ಸಮಾನ. ಏಕತಾಳದ 4 ಮತ್ತು 10ನೆಯ ಮಾತ್ರೆಗಳ 'ತಿರಕಿಟ'ದಲ್ಲಿ ನಾಲ್ಕು ಪೆಟ್ಟುಗಳಿಗೂ ಸಮಬಲ ಕೊಟ್ಟರೆ ಲೆಕ್ಕ ಸರಿಯಿದ್ದರೂ ಬೋಲಿನ ಉಚ್ಚಾರ ಉಳಿಯದು.

ಅಭ್ಯಾಸಕ್ಕೆ ಇಷ್ಟು ಸಾಲದೇ ಎಂದು ಕೇಳಬಹುದು. ಮಾತ್ರೆಗಳ ಎಣಿಕೆಯನ್ನು ಕಲಿಯಲು ಖಂಡಿತ ಸಾಕು. ಆದರೆ ವಿದ್ಯಾರ್ಥಿಯ ಕಿವಿ ಪಳಗುವುದೂ ಅಭ್ಯಾಸದಲ್ಲಿಯೇ. ಕದಲದ ಠೇಕಾದೊಡನೆಯೇ ವರ್ಷಗಟ್ಟಲೆ ಹಾಡಿದವನಿಗೆ, ಖ್ಯಾಲು ಬೆಳೆದಂತೆ ತಾನೂ ಚುರುಕಾಗುವ ಸಜೀವ ಸಾಥಿಯ ನಡೆ ತಪ್ಪೆಂದೇ ತೋರೀತು. ನಷ್ಟವಾಗುವುದು ಒಂದು ಧ್ವನಿಮುದ್ರಿಕೆಯಲ್ಲ, ಕೇಳುವ ಸಂಸ್ಕಾರ.

ಆದುದರಿಂದ ತಿದ್ದುವವನು ಮೊದಲು ನುರಿತ ತಬಲಾವಾದಕನಿಂದ ನುಡಿಸಿಕೊಳ್ಳಬೇಕು, ಮೂಲಪ್ರತಿಯನ್ನು ಕಾದಿಡಬೇಕು, ಕಿವಿ ಆಕ್ಷೇಪಿಸಿದ ಸಾಲನ್ನಷ್ಟೇ ಮುಟ್ಟಬೇಕು, ಅದನ್ನೂ ಗೆರೆಯವರೆಗೆ ಎಳೆಯದೆ ಬೇಕಾದಷ್ಟೇ ಸರಿಸಬೇಕು. ಲಕ್ಷ್ಯವನ್ನು ಲಕ್ಷಣ ಅನುಸರಿಸಬೇಕೆಂಬುದು ನಮ್ಮ ಸಂಗೀತಶಾಸ್ತ್ರದ ಹಳೆಯ ವಿವೇಕ. ಗಣಕದ ಪಟ್ಟಿಗೂ ಅದೇ ನ್ಯಾಯ ಅನ್ವಯಿಸುತ್ತದೆ.