ಆಚೆಯ ಸಾಲಿನವರು

ಶ್ರೀಮತಿ ಸುಧಾ ಮೂರ್ತಿಯವರ ‘ಕ್ಯಾಟಲ್ ಕ್ಲಾಸ್’ ಎಂಬ ಪ್ರಬಂಧವನ್ನು ಓದಿ ಮೆಚ್ಚದವರು ವಿರಳ. 2017ರಲ್ಲಿ ಪ್ರಕಟವಾದ ‘ತ್ರೀ ಥೌಸಂಡ್ ಸ್ಟಿಚಸ್’ ಎಂಬ ಅವರ ಇಂಗ್ಲಿಷ್ ಸಂಗ್ರಹದಲ್ಲಿ ಅದಿದೆ. ಪ್ರಸಂಗ ಸರಳವಾದುದು. ಲಂಡನ್ನಿನ ಹೀತ್ರೂ ನಿಲ್ದಾಣದಲ್ಲಿ ಲೇಖಕಿ ಸಾದಾ ಸಲ್ವಾರ್ ಕಮೀಜ್ ತೊಟ್ಟು ಬಿಸಿನೆಸ್ ದರ್ಜೆಯ ಸಾಲಿನಲ್ಲಿ ನಿಂತಿದ್ದಾರೆ. ಬೆಡಗಿನ ಉಡುಪಿನ ಮಹಿಳೆಯೊಬ್ಬರು ‘ನಿಮ್ಮ ಸಾಲು ಅದು’ ಎಂದು ಎಕಾನಮಿಯ ಕಡೆಗೆ ಕೈ ತೋರಿಸುತ್ತಾರೆ. ದನದ ದರ್ಜೆಯವರೆಂದು ಹೀಗಳೆಯುತ್ತಾರೆ. ಹಣ ಬಂದ ಮಾತ್ರಕ್ಕೆ ಮನುಷ್ಯನಿಗೆ ದರ್ಜೆ ಬಾರದು ಎಂಬುದು ಪ್ರಬಂಧದ ತಾತ್ಪರ್ಯ.

ಒಪ್ಪತಕ್ಕ ಮಾತೇ. ಹೇಳಿದ ರೀತಿಯಲ್ಲಿ ಆಡಂಬರವೂ ಇಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ನನಗೊಂದು ಕೊರತೆ ಉಳಿಯಿತು. ಹೀಗಳೆದವರೂ ಹೀಗಳೆಸಿಕೊಂಡವರೂ ಒಂದೇ ದರ್ಜೆಯ ಪ್ರಯಾಣಿಕರು. ಲೇಖಕಿಯ ಕೈಯಲ್ಲಿ ಎಕಾನಮಿಯ ಟಿಕೆಟ್ಟೇ ಇದ್ದಿದ್ದರೆ? ಆಗ ಆ ಮಹಿಳೆಯ ಮಾತು ಒರಟಾದರೂ ನಿಜವೆನಿಸಿಬಿಡುತ್ತಿತ್ತಲ್ಲ! ಆಚೆಯ ಸಾಲಿನವರು ಪ್ರಬಂಧದಲ್ಲಿ ಬಾಯಿ ತೆರೆಯುವುದೇ ಇಲ್ಲ.

ನಾನಿದನ್ನು ಓದಿದ್ದು ಭೀಮರಾಯನಗುಡಿಯಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಈ ಊರಿನಲ್ಲಿ ಪ್ರಯಾಣ ಭತ್ಯೆಯ ಬಿಲ್ಲು ಎಲ್ಲರಿಗೂ ಪರಿಚಿತ. ಯಾರು ಯಾವುದರಲ್ಲಿ ಹೋಗಬಹುದೆಂಬುದನ್ನು ಇಲ್ಲಿ ಉಡುಪು ಹೇಳುವುದಿಲ್ಲ, ಹುದ್ದೆ ಹೇಳುತ್ತದೆ. ಎಲ್ಲೆಡೆಯೂ ಹಾಗೆಯೇ. ಆ ಪುಸ್ತಕ ಬಂದ 2017ರಲ್ಲಿಯೇ, ಜುಲೈ ತಿಂಗಳಲ್ಲಿ, ಕೇಂದ್ರ ಸರ್ಕಾರ ತನ್ನ ನೌಕರರಿಗೆ ಹೊಸ ನಿಯಮ ಹೊರಡಿಸಿತು: ವೇತನದ 14ನೆಯ ಹಂತ ಮತ್ತು ಅದರ ಮೇಲಿನವರಿಗೆ ವಿಮಾನದಲ್ಲಿ ಬಿಸಿನೆಸ್ ದರ್ಜೆ, 6ರಿಂದ 13ರವರೆಗೆ ಎಕಾನಮಿ, 5 ಮತ್ತು ಅದರ ಕೆಳಗಿನವರಿಗೆ ರೈಲು. ಎಷ್ಟೋ ಕಂಪನಿಗಳ ನಿಯಮವೂ ಇದೇ ಜಾಡಿನದು.

ದೂರದ ಹಾರಾಟ ಮುಗಿಸಿ ಕೂಡಲೇ ಸಭೆಗೆ ಕೂರಬೇಕಾದವರಿಗೆ ಕಾಲು ಚಾಚಲು ಜಾಗ ಬೇಕೆಂಬ ವಾದ ನ್ಯಾಯವೇ. ಹಾಗಾದರೆ ಸೌಕರ್ಯ ದಾರಿಯ ಗಂಟೆಗಳಿಗೆ ಸೇರಬೇಕು, ಹುದ್ದೆಗಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಕಡತ ಒಯ್ಯುವ ಗುಮಾಸ್ತನೂ ಬೆಳಿಗ್ಗೆ ಅಧಿಕಾರಿಯ ಮೇಜಿನ ಮುಂದೆ ನಿಲ್ಲಬೇಕು. ಅವನ ಬೆನ್ನುನೋವಿಗೆ ಬಿಲ್ಲಿನಲ್ಲಿ ಅಂಕಣವಿಲ್ಲ.

1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲ ದರ್ಜೆಯ ಟಿಕೆಟ್ ಇದ್ದೂ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದರು. ಕಥೆ ಅಲ್ಲಿಗೇ ನಿಂತಿದ್ದರೆ ಅದು ಒಬ್ಬ ಬ್ಯಾರಿಸ್ಟರರ ಮಾನಭಂಗವಾಗಿ ಉಳಿಯುತ್ತಿತ್ತು. ಅವರು ಭಾರತಕ್ಕೆ ಮರಳಿ ಮೂರನೆಯ ದರ್ಜೆಯಲ್ಲಿ ಓಡಾಡಿದರು. 1917ರಲ್ಲಿ ಆ ಡಬ್ಬಿಗಳ ಕೊಳಕನ್ನೂ ನೂಕುನುಗ್ಗಲನ್ನೂ ಕುರಿತು ಬರೆದರು. ತನ್ನ ನೋವಿನಿಂದ ಇತರರ ನೋವಿಗೆ ನಡೆದ ಆ ಹೆಜ್ಜೆ ದೊಡ್ಡದು.

ಬಡವರ ಬದುಕನ್ನು ಹತ್ತಿರದಿಂದ ಕಂಡು ಬರೆದಿರುವ ಶ್ರೀಮತಿ ಮೂರ್ತಿಯವರಿಗೆ ಆ ಹೆಜ್ಜೆ ಕಠಿಣವಾಗಿರಲಿಲ್ಲ. ಆ ಮಹಿಳೆ ಕೈ ತೋರಿದ ಕಡೆಗೆ ಒಮ್ಮೆ ತಿರುಗಿ, ಅಲ್ಲಿ ನಿಂತಿದ್ದ ಒಬ್ಬರನ್ನಾದರೂ ಮಾತನಾಡಿಸಿದ್ದರೆ ಸಾಕಿತ್ತು.